ರೋಟರಿಯ ಹೊಸಬರಿಗೆ ಪಿನ್‌ಗಿಂತ ಮೊದಲು ಕೆಲಸ ಕೊಡಿ

ನಮ್ಮ ಊರುಗಳ ರೋಟರಿ ಕ್ಲಬ್‌ಗಳಲ್ಲಿ ಹೊಸ ಸದಸ್ಯರ ಸೇರ್ಪಡೆ ಹೆಚ್ಚಾಗಿ ನಡೆಯುವುದು ಹೀಗೆ: ಪದಗ್ರಹಣದ ಸಂಜೆಯೋ ಜಿಲ್ಲಾ ಗವರ್ನರ್ ಭೇಟಿಯ ದಿನವೋ ನಾಲ್ಕಾರು ಮಂದಿಯನ್ನು ಒಟ್ಟಿಗೇ ವೇದಿಕೆಗೆ ಕರೆದು, ಪಿನ್ ಚುಚ್ಚಿ, ಪ್ರಮಾಣಪತ್ರ ಕೊಟ್ಟು, ಫೋಟೊ ತೆಗೆಸಿ ಊಟಕ್ಕೆ ಕಳಿಸಲಾಗುತ್ತದೆ. ಕ್ಲಬ್ ಏನು ಮಾಡುತ್ತದೆ, ವರ್ಷಕ್ಕೆ ಎಷ್ಟು ಹಣ ಬೇಕಾಗುತ್ತದೆ, ಯಾವ ಸಂಜೆ ಬಿಡುವು ಮಾಡಿಕೊಳ್ಳಬೇಕು ಎನ್ನುವುದೆಲ್ಲ ಅವರಿಗೆ ತಿಳಿಯುವುದು ಆಮೇಲೆ, ಅದೂ ಬಿಡಿಬಿಡಿಯಾಗಿ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ಇಲ್ಲಿನ ವಾದ. ಹಣದ ಲೆಕ್ಕ, ಸಮಯದ ಲೆಕ್ಕ ಮತ್ತು ಕೈಗೆ ಒಂದು ನಿಜವಾದ ಕೆಲಸ, ಇವು ಮೂರೂ ಪಿನ್‌ಗಿಂತ ಮೊದಲು ಬರಬೇಕು. ಕ್ಲಬ್ಬಿನ ಕಾರ್ಯದರ್ಶಿಯೂ ಸದಸ್ಯತ್ವ ಸಮಿತಿಯೂ ಇದನ್ನು ಹಂತ ಹಂತವಾಗಿ ಮಾಡುವುದು ಹೇಗೆ ಎಂದು ನೋಡೋಣ.

ಮೊದಲಿಗೆ, ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಾದರೂ ಏನು? ಜಗತ್ತಿನಲ್ಲಿರುವ ರೋಟೇರಿಯನ್ನರು ಸುಮಾರು 12 ಲಕ್ಷ. ಇಪ್ಪತ್ತು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಈ ಅವಧಿಯಲ್ಲಿ ಪ್ರತಿವರ್ಷವೂ ಹೊಸಬರು ಸೇರುತ್ತಲೇ ಬಂದಿದ್ದಾರೆ. ಆದರೂ ಒಟ್ಟು ಸಂಖ್ಯೆ ಕದಲಿಲ್ಲವೆಂದರೆ, ಮುಂಬಾಗಿಲಿನಿಂದ ಬಂದಷ್ಟೇ ಜನ ಹಿತ್ತಲ ಬಾಗಿಲಿನಿಂದ ಹೊರಟುಹೋಗಿದ್ದಾರೆ ಎಂದಾಯಿತು. ಭಾರತದಲ್ಲಿ ಸದಸ್ಯರು ಹೆಚ್ಚಾಗಿದ್ದಾರಲ್ಲ, ಅಮೆರಿಕ ಮತ್ತು ಜಪಾನಿನ ಇಳಿಕೆಗೆ ನಮ್ಮನ್ನೇಕೆ ಹೊಣೆ ಮಾಡುತ್ತೀರಿ ಎಂದು ಯಾರಾದರೂ ಕೇಳಬಹುದು. ಹೆಚ್ಚಾಗಿರುವುದು ನಿಜವೇ. ಆದರೆ ಅಂತರರಾಷ್ಟ್ರೀಯ ಶುಲ್ಕವನ್ನು ಜುಲೈ 1 ಮತ್ತು ಜನವರಿ 1ರಂದು ಪಟ್ಟಿಯಲ್ಲಿರುವ ತಲೆಗಳ ಮೇಲೆ ಲೆಕ್ಕ ಹಾಕಲಾಗುತ್ತದೆ. ಶುಲ್ಕ ಕಟ್ಟದ, ಸಭೆಗೂ ಬಾರದ ಹೆಸರುಗಳನ್ನು ಜೂನ್ ಕೊನೆಯ ವಾರದಲ್ಲಿ ತೆಗೆದುಹಾಕುವ ಕೆಲಸ ಎಂಥದ್ದೆಂದು ಕಾರ್ಯದರ್ಶಿ ಹುದ್ದೆಯಲ್ಲಿದ್ದವರಿಗೆ ಹೇಳಿಕೊಡಬೇಕಿಲ್ಲ. ಆ ಹೆಸರುಗಳಲ್ಲಿ ಹಿಂದಿನ ವರ್ಷ ಸೇರಿದವರೇ ಎಷ್ಟು ಮಂದಿ ಎಂದು ಪ್ರತಿ ಕ್ಲಬ್ಬೂ ತನ್ನ ಐದು ವರ್ಷದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಎಣಿಸಿ ನೋಡಲಿ. ಮುಂದಿನ ಹಂತಗಳಿಗೆಲ್ಲ ಆ ಎಣಿಕೆಯೇ ಆಧಾರ.

ಹೊಸಬರ ಪ್ರಶ್ನೆಯನ್ನು ಕಿವಿಗೊಟ್ಟು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಈ ಸಂಸ್ಥೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ. 1905ರ ಫೆಬ್ರುವರಿ 23ರಂದು ವಕೀಲ ಪಾಲ್ ಹ್ಯಾರಿಸ್ ಷಿಕಾಗೊದಲ್ಲಿ ಮೂವರು ಗೆಳೆಯರೊಂದಿಗೆ ಕ್ಲಬ್ ಆರಂಭಿಸಿದಾಗ ಅದರಲ್ಲಿ ಸೇವೆಯ ಮಾತೇ ಇರಲಿಲ್ಲ. ಸ್ನೇಹ, ಜೊತೆಗೆ ಒಬ್ಬರಿಂದೊಬ್ಬರಿಗೆ ವ್ಯಾಪಾರ, ಅಷ್ಟೇ. ಮರುವರ್ಷ ಪೇಟೆಂಟ್ ವಕೀಲ ಡೊನಾಲ್ಡ್ ಕಾರ್ಟರ್ ಅವರಿಗೆ ಆಹ್ವಾನ ಹೋಯಿತು. ಊರಿಗೆ ಏನೂ ಮಾಡದೆ ತಮ್ಮ ಲಾಭವನ್ನಷ್ಟೇ ನೋಡಿಕೊಳ್ಳುವ ಕೂಟ ಬಹಳ ದಿನ ಬಾಳುವುದಿಲ್ಲ ಎಂಬ ಕಾರಣಕ್ಕೆ ಅವರು ಒಪ್ಪಲಿಲ್ಲ. ಕ್ಲಬ್ ಮುನಿಸಿಕೊಳ್ಳದೆ, ಹಾಗಾದರೆ ಬದಲಾವಣೆಯನ್ನು ನೀವೇ ಸೂಚಿಸಿ ಎಂದಿತು. ಅವರು ಸೇರಿದರು, ಕ್ಲಬ್ಬಿನ ಉದ್ದೇಶಗಳಿಗೆ ಊರಿನ ಹಿತವೂ ಸೇರಿತು. 1907ರಲ್ಲಿ ಷಿಕಾಗೊ ನಗರದಲ್ಲಿ ಸಾರ್ವಜನಿಕ ಶೌಚಾಲಯ ಬೇಕೆಂಬ ಕೆಲಸವನ್ನು ಕ್ಲಬ್ ಕೈಗೆತ್ತಿಕೊಂಡಿತು. ಅದರ ಸೇವಾಕಾರ್ಯಗಳ ಸಾಲು ಶುರುವಾಗುವುದು ಅಲ್ಲಿಂದ. ಕಾರ್ಟರ್ ಅವರನ್ನು ನಮ್ಮ ಈಗಿನ ಕ್ರಮದಲ್ಲಿ ನೇರ ವೇದಿಕೆಗೆ ಕರೆದು ಪಿನ್ ಚುಚ್ಚಿದ್ದರೆ ಅವರ ಆಕ್ಷೇಪ ಬಾಯೊಳಗೇ ಉಳಿಯುತ್ತಿತ್ತು.

ಮೊದಲ ಹಂತ ಆಯ್ಕೆ. ಇಲ್ಲಿ ಪರಿಚಯದವರ ಪಟ್ಟಿಗಿಂತ ಊರಿನ ವೃತ್ತಿಗಳ ಪಟ್ಟಿ ಒಳ್ಳೆಯ ದಾರಿ. ಬೇರೆ ಬೇರೆ ವೃತ್ತಿಯವರು ಒಂದೆಡೆ ಸೇರಬೇಕು ಎನ್ನುವುದೇ ರೋಟರಿಯ ಮೂಲ ಕಲ್ಪನೆ, ಕ್ಲಾಸಿಫಿಕೇಷನ್ ಎಂಬ ಪದ್ಧತಿ ಹುಟ್ಟಿದ್ದು ಅದಕ್ಕಾಗಿ. ಆದರೆ ಎಷ್ಟೋ ತಾಲ್ಲೂಕು ಕೇಂದ್ರಗಳ ಕ್ಲಬ್ಬುಗಳಲ್ಲಿ ವೈದ್ಯರು, ಗುತ್ತಿಗೆದಾರರು, ವರ್ತಕರು ತುಂಬಿರುತ್ತಾರೆ. ಪಶುವೈದ್ಯರು, ಪ್ರೌಢಶಾಲೆಯ ಶಿಕ್ಷಕಿಯರು, ಕೃಷಿಕರು, ನರ್ಸುಗಳು ಕಾಣುವುದಿಲ್ಲ. ಖಾಲಿ ಇರುವ ವೃತ್ತಿಗಳನ್ನು ಬರೆದುಕೊಂಡು ಅಲ್ಲಿಂದ ಹುಡುಕಿ. ರೋಟರ‍್ಯಾಕ್ಟ್‌ನಲ್ಲಿ ದುಡಿದವರನ್ನೂ ಮರೆಯಬೇಡಿ, ಅವರಿಗೆ ಅರ್ಧ ಪಾಠ ಆಗಲೇ ಆಗಿರುತ್ತದೆ. ಹೆಸರು ಸೂಚಿಸುವವರು ಆ ವ್ಯಕ್ತಿಯನ್ನು ಎರಡು ಮೂರು ಸಭೆಗಳಿಗೆ ಅತಿಥಿಯಾಗಿ ಕರೆತರಲಿ. ಅದರಲ್ಲಿ ಒಂದಾದರೂ ಊಟವಿಲ್ಲದ, ಲೆಕ್ಕಪತ್ರದ ಚರ್ಚೆ ನಡೆಯುವ, ಅಂದರೆ ಆಕಳಿಕೆ ಬರಿಸುವ ಸಭೆ ಆಗಿರಲಿ. ಹೆಸರನ್ನು ಆಡಳಿತ ಮಂಡಳಿ ಒಪ್ಪಿದ ಮೇಲೆ ಸದಸ್ಯರೆಲ್ಲರಿಗೆ ತಿಳಿಸಿ, ಆಕ್ಷೇಪಕ್ಕೆ ಏಳು ದಿನ ಕಾಯುವ ಹಳೆಯ ವಾಡಿಕೆಯನ್ನು ಬಿಡಬಾರದು. ಸಣ್ಣ ಊರಿನಲ್ಲಿ ಹಳೆಯ ಜಗಳಗಳು ಇದ್ದೇ ಇರುತ್ತವೆ; ಅವು ಮೊದಲೇ ಹೊರಬಂದರೆ ಕ್ಲಬ್ಬಿಗೂ ಒಳ್ಳೆಯದು, ಹೊಸಬರ ಮರ್ಯಾದೆಗೂ ಒಳ್ಳೆಯದು.

ಎರಡನೆಯದು ಹಣ. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿಯೇ, ಏಕೆಂದರೆ ನಮ್ಮಲ್ಲಿ ಬಹಳ ಕ್ಲಬ್ಬುಗಳು ಸಂಕೋಚಪಡುವುದೂ ಇಲ್ಲಿಯೇ. ರೋಟರಿ ಇಂಟರ್‌ನ್ಯಾಷನಲ್‌ಗೆ ಕಟ್ಟುವ ತಲಾ ಶುಲ್ಕ 2023–24ರಲ್ಲಿ ವರ್ಷಕ್ಕೆ 75 ಡಾಲರ್ ಇತ್ತು, 2025–26ಕ್ಕೆ 82 ಡಾಲರ್ ಆಯಿತು. ಇದರ ಮೇಲೆ ಜಿಲ್ಲೆಯ ಶುಲ್ಕ, ಪತ್ರಿಕೆಯ ಚಂದಾ, ಕ್ಲಬ್ಬಿನ ಸ್ವಂತ ಶುಲ್ಕ, ಸಭೆಯ ಊಟದ ಖರ್ಚು. ಇವೆಲ್ಲ ರಸೀದಿ ಇರುವ ಖರ್ಚುಗಳು. ರಸೀದಿ ಇಲ್ಲದವು ಬೇರೆ ಇವೆ: ಜಿಲ್ಲಾ ಸಮ್ಮೇಳನಕ್ಕೆ ನೋಂದಣಿ ಮಾಡಿಸಿ ಎಂಬ ಒತ್ತಾಯ, ಮದುವೆಯ ವಾರ್ಷಿಕೋತ್ಸವಕ್ಕೆ ಕ್ಲಬ್ಬಿಗೆಲ್ಲ ಊಟ ಹಾಕಿಸುವ ರೂಢಿ, ಶಿಬಿರಕ್ಕೆ ಬ್ಯಾನರ್ ನೀವೇ ಮಾಡಿಸಿಬಿಡಿ ಎಂಬ ಸಲಿಗೆಯ ಮಾತು. ಎರಡನ್ನೂ ಒಂದೇ ಹಾಳೆಯಲ್ಲಿ ರೂಪಾಯಿ ಲೆಕ್ಕದಲ್ಲಿ ಬರೆದು, ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಬೇರ್ಪಡಿಸಿ ಅರ್ಜಿಯ ಜೊತೆಗೇ ಕೊಡಿ. ರೋಟರಿ ಫೌಂಡೇಷನ್‌ಗೆ ಕೊಡುವ ದೇಣಿಗೆ ಐಚ್ಛಿಕದ ಪಟ್ಟಿಗೆ ಸೇರಬೇಕು. ಒಂದು ಸಾವಿರ ಡಾಲರ್ ಕೊಟ್ಟವರಿಗೆ ಪಾಲ್ ಹ್ಯಾರಿಸ್ ಫೆಲೋ ಎಂಬ ಗೌರವ ಸಿಗುತ್ತದೆ ಎಂಬುದನ್ನು ಹೇಳುವವರು, 1917ರಲ್ಲಿ ಆರ್ಚ್ ಕ್ಲಂಫ್ ಅವರ ಸಲಹೆಯಿಂದ ಹುಟ್ಟಿದ ಈ ನಿಧಿಗೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್ ಎಂಬುದನ್ನೂ ಹೇಳಲಿ. ಸಣ್ಣ ಮೊತ್ತ ಕೊಡುವವರು ತಲೆ ತಗ್ಗಿಸಬೇಕಿಲ್ಲ ಎಂದು ಹೊಸಬರಿಗೆ ಅರ್ಥವಾಗುತ್ತದೆ.

ಇಷ್ಟು ಬಿಚ್ಚಿ ಹೇಳಿದರೆ ಬರುವವರೂ ಓಡಿಹೋಗುತ್ತಾರೆ ಎನ್ನುವುದು ಸಾಮಾನ್ಯ ಆಕ್ಷೇಪ. ಕೆಲವರು ಹೋಗುತ್ತಾರೆ, ನಿಜ. ಆದರೆ ಹಣದ ಕಾರಣಕ್ಕೆ ಹೋಗುವವರು ಹೇಗಿದ್ದರೂ ಹೋಗುತ್ತಾರೆ. ಸೇರುವ ಮೊದಲು ಹೋದರೆ ಸ್ನೇಹ ಉಳಿಯುತ್ತದೆ, ಎಂಟು ತಿಂಗಳ ಬಾಕಿ ಉಳಿಸಿಕೊಂಡು ಹೋದರೆ ಅದೂ ಉಳಿಯುವುದಿಲ್ಲ. ಅವರ ಹೆಸರಿನಲ್ಲಿ ಕ್ಲಬ್ ಆಗಲೇ ಕಟ್ಟಿದ ಡಾಲರ್ ವಾಪಸು ಬರುವುದೂ ಇಲ್ಲ. ನಮ್ಮದು ಚಿಕ್ಕ ಕ್ಲಬ್, ಗವರ್ನರ್ ಕೊಟ್ಟ ಗುರಿ ಮುಟ್ಟಲೇಬೇಕು ಎನ್ನುವ ಅಧ್ಯಕ್ಷರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಆ ಗುರಿಗೆ ಆಯಸ್ಸು ಒಂದು ವರ್ಷ. ಅದರ ಬಾಕಿಯನ್ನು ತೀರಿಸುವವರು ಮುಂದಿನ ಅಧ್ಯಕ್ಷರು.

ಸಮಯದ ಮಾತು ಬೇಗ ಮುಗಿಯುತ್ತದೆ. ವಾರ ವಾರ ಬರಲೇಬೇಕು, ತಪ್ಪಿದರೆ ಬೇರೆ ಕ್ಲಬ್ಬಿನಲ್ಲಿ ಮೇಕಪ್ ಮಾಡಬೇಕು ಎಂಬ ಹಳೆಯ ಬಿಗಿ ಈಗಿಲ್ಲ. 2016ರ ನಿಯಮ ಬದಲಾವಣೆಯ ನಂತರ ತಿಂಗಳಿಗೆ ಎರಡು ಸಭೆಗಳಾದರೂ ಸಾಕು, ಆನ್‌ಲೈನ್‌ನಲ್ಲೂ ಸೇರಬಹುದು. ನಿಮ್ಮ ಕ್ಲಬ್ ಯಾವ ಪದ್ಧತಿ ಇಟ್ಟುಕೊಂಡಿದೆ ಎಂದು ಹೇಳಿಬಿಡಿ. ಮನೆಯವರ ಎದುರಿನಲ್ಲೇ ಹೇಳಿದರೆ ಇನ್ನೂ ಒಳ್ಳೆಯದು, ಖಾಲಿಯಾಗುವ ಸಂಜೆಗಳು ಅವರವೂ ಹೌದು. ಜೊತೆಗೆ ಇನ್ನೊಂದು ವಿಷಯ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1987ರಲ್ಲಿ ಡುವಾರ್ಟೆ ಕ್ಲಬ್ಬಿನ ಪ್ರಕರಣ ಸೋತ ಮೇಲೆಯೇ ರೋಟರಿ 1989ರಲ್ಲಿ ಮಹಿಳೆಯರಿಗೆ ಜಗತ್ತಿನಾದ್ಯಂತ ಬಾಗಿಲು ತೆರೆದದ್ದು. ಸದಸ್ಯರ ಪತ್ನಿಯರನ್ನು ಆನ್ಸ್ ಎಂದು ಕರೆಯುವ ರೂಢಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಹಾಗಾಗಿ ಸ್ವಂತ ವೃತ್ತಿಯ ಬಲದಿಂದ ಸದಸ್ಯರಾದ ಮಹಿಳೆಯನ್ನು ಕೂಡ ಪ್ರಾರ್ಥನೆ ಹಾಡಲಿಕ್ಕೆ, ಅತಿಥಿಗಳಿಗೆ ಹೂಗುಚ್ಛ ಕೊಡಲಿಕ್ಕೆ ನಿಲ್ಲಿಸುವುದು ಅಭ್ಯಾಸಬಲದಿಂದ ನಡೆದುಹೋಗುತ್ತದೆ. ಆಕೆಗೆ ಮೊದಲ ತಿಂಗಳು ವಹಿಸುವ ಜವಾಬ್ದಾರಿ ಯಾವುದು ಎಂಬುದನ್ನು ಸಮಿತಿ ಮುಂಚೆಯೇ ಬರೆದಿಟ್ಟರೆ ಈ ತಪ್ಪು ತಪ್ಪುತ್ತದೆ.

ಇನ್ನು ಮಾಹಿತಿ ಸಭೆ. ಒಂದೂವರೆ ಗಂಟೆ ಸಾಕು, ಕನ್ನಡದಲ್ಲಿ ನಡೆಯಲಿ. ಅಂತರರಾಷ್ಟ್ರೀಯ ಸಂಸ್ಥೆಯಲ್ಲವೇ, ಇಂಗ್ಲಿಷ್ ಬೇಡವೇ ಎನ್ನುವವರಿದ್ದಾರೆ. ಪತ್ರವ್ಯವಹಾರಕ್ಕೆ ಬೇಕು. ಆದರೆ ಇಂಗ್ಲಿಷ್ ಸಭೆಯಲ್ಲಿ ಬಾಯಿ ಬಿಡಲು ಹಿಂಜರಿಯುವ ಒಳ್ಳೆಯ ಕೆಲಸಗಾರ ಮೂರನೇ ಸಭೆಗೆ ಬರುವುದಿಲ್ಲ, ಕ್ಲಬ್ಬಿಗೆ ಕಾರಣವೂ ತಿಳಿಯುವುದಿಲ್ಲ. ಸ್ಥಾಪಕರಿಂದ ಹಿಡಿದು ಇಂದಿನವರೆಗಿನ ಅಧ್ಯಕ್ಷರ ಹೆಸರುಗಳನ್ನು ಸ್ಲೈಡಿನಲ್ಲಿ ಓದಿಸುವ ಅಗತ್ಯವಿಲ್ಲ. ಎರಡು ಸಂಗತಿಗಳನ್ನು ಸರಿಯಾಗಿ ಹೇಳಿದರೆ ಸಾಕು. ಒಂದು, ಪ್ರತಿ ಸಭೆಯಲ್ಲೂ ಓದುವ ನಾಲ್ಕು ಪ್ರಶ್ನೆಗಳ ಪರೀಕ್ಷೆ. ದಿವಾಳಿಯ ಅಂಚಿನಲ್ಲಿದ್ದ ಪಾತ್ರೆ ಕಂಪನಿಯೊಂದನ್ನು ಮೇಲೆತ್ತಲು ಹರ್ಬರ್ಟ್ ಟೇಲರ್ 1932ರಲ್ಲಿ ಬರೆದುಕೊಂಡ ವ್ಯವಹಾರದ ಸೂತ್ರ ಅದು; ರೋಟರಿ ಅದನ್ನು ತನ್ನದಾಗಿಸಿಕೊಂಡದ್ದು 1943ರಲ್ಲಿ. ಬಾಯಿಪಾಠದ ಬದಲು, ಹೊಸಬರ ಅಂಗಡಿಯಲ್ಲೋ ಕಚೇರಿಯಲ್ಲೋ ಬರುವ ಒಂದು ಇಕ್ಕಟ್ಟನ್ನು ಎತ್ತಿಕೊಂಡು ಆ ಪ್ರಶ್ನೆಗಳಿಗೆ ಹಚ್ಚಿ ನೋಡಿ. ಎರಡು, ಪೋಲಿಯೊ. 1985ರಲ್ಲಿ ರೋಟರಿ ಪೋಲಿಯೊಪ್ಲಸ್ ಆರಂಭಿಸಿದಾಗ ಭಾರತ ಈ ರೋಗದಿಂದ ಮುಕ್ತವಾದೀತು ಎಂದು ನಂಬಿದವರು ಕಡಿಮೆ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಪ್ರಮಾಣಪತ್ರ ಬಂತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆ ಮನೆ ತಿರುಗಿದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಇವರೆಲ್ಲರ ದುಡಿಮೆ ಅದು. ರೋಟರಿ ತನ್ನ ಪಾಲನ್ನಷ್ಟೇ ಹೇಳಿಕೊಳ್ಳಬೇಕು. ಹೊಸಬರಿಗೆ ಅಹಂಕಾರವನ್ನು ಮೊದಲ ಪಾಠವಾಗಿ ಕಲಿಸಬಾರದು.

ಇದಾದ ಮೇಲೆ, ಪಿನ್‌ಗಿಂತ ಮೊದಲು, ಒಂದು ಕೆಲಸ. ಪಲ್ಸ್ ಪೋಲಿಯೊ ಭಾನುವಾರ ಬೂತಿನಲ್ಲಿ ಅರ್ಧ ದಿನ, ಕಣ್ಣಿನ ಶಿಬಿರದ ನೋಂದಣಿ ಮೇಜು, ರಕ್ತದಾನಿಗಳಿಗೆ ಹಿಂದಿನ ದಿನ ಫೋನ್ ಮಾಡುವುದು, ಕಳೆದ ವರ್ಷ ಶಾಲೆಗೆ ಕೊಟ್ಟ ನೀರಿನ ಫಿಲ್ಟರ್ ಇನ್ನೂ ನಡೆಯುತ್ತಿದೆಯೇ ಎಂದು ಹೋಗಿ ನೋಡಿ ವರದಿ ಕೊಡುವುದು. ಕೊನೆಯದು ನನಗೆ ಎಲ್ಲಕ್ಕಿಂತ ಮೇಲೆನಿಸುತ್ತದೆ, ಯಾಕೆಂದರೆ ಹಳಬರು ಅದನ್ನು ಮಾಡುವುದೇ ಅಪರೂಪ. ಇನ್ನೂ ಸದಸ್ಯರಲ್ಲದವರ ಕೈಗೆ ಕ್ಲಬ್ಬಿನ ಹೆಸರು ಕೊಡುವುದು ಅಪಾಯವಲ್ಲವೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಅದಕ್ಕೇ ಹಣ ಮುಟ್ಟುವ, ಪತ್ರಕ್ಕೆ ಸಹಿ ಹಾಕುವ ಕೆಲಸ ಬೇಡ. ಹೆಸರು ಸೂಚಿಸಿದವರು ಜೊತೆಯಲ್ಲಿರಲಿ. ಒಂದು ದಿನ ಜೊತೆಗೆ ದುಡಿದರೆ ಕ್ಲಬ್ ಆ ವ್ಯಕ್ತಿಯನ್ನು ನೋಡುತ್ತದೆ, ಆ ವ್ಯಕ್ತಿ ಕ್ಲಬ್ಬನ್ನು ನೋಡುತ್ತಾರೆ. ಬೇಡವೆನಿಸಿದರೆ ಇಬ್ಬರೂ ಮುಜುಗರವಿಲ್ಲದೆ ಹಿಂದೆ ಸರಿಯಬಹುದು.

ಪಿನ್ ತೊಡಿಸುವ ಸಮಾರಂಭ ದಂಡ ಎಂದು ಇಷ್ಟರಿಂದ ತಿಳಿಯಬಾರದು. ಹತ್ತು ಜನರ ಗುಂಪಿನಲ್ಲಿ, ಗವರ್ನರ್ ಭಾಷಣಕ್ಕೂ ಊಟಕ್ಕೂ ನಡುವೆ ಅದನ್ನು ಸಿಕ್ಕಿಸುವುದೇ ತೊಂದರೆ. ಸಾಮಾನ್ಯ ವಾರದ ಸಭೆಯಲ್ಲಿ ಒಬ್ಬರೋ ಇಬ್ಬರೋ ಇರಲಿ, ಮನೆಯವರು ಬಂದಿರಲಿ. ಹೆಸರು ಸೂಚಿಸಿದವರು ಆ ವ್ಯಕ್ತಿಯ ವೃತ್ತಿ ಏನು, ಮಾಡಿದ ಕೆಲಸ ಯಾವುದು ಎಂದು ಐದು ನಿಮಿಷ ಮಾತಾಡಲಿ. ಹೊಸಬರಿಗೂ ಐದು ನಿಮಿಷ ಕೊಡಿ, ಭಾಷಣಕ್ಕಲ್ಲ, ತಾವು ನೋಡಿದ ಆ ಕೆಲಸದಲ್ಲಿ ಏನು ಸರಿಯಿರಲಿಲ್ಲ ಎಂದು ಹೇಳಲಿಕ್ಕೆ.

ಮುಂದಿನ ಆರು ತಿಂಗಳಿಗೆ ಒಬ್ಬ ಮಾರ್ಗದರ್ಶಿ ಬೇಕು. ಅಧ್ಯಕ್ಷರು ಬೇಡ, ಅವರಿಗೆ ಪುರುಸೊತ್ತಿಲ್ಲ, ಜುಲೈ ಬಂದರೆ ಹುದ್ದೆಯೂ ಇರುವುದಿಲ್ಲ. ಮಾಜಿ ಕಾರ್ಯದರ್ಶಿಯಂಥವರು ವಾಸಿ. ರೋಟರಿ ವರ್ಷ ಬದಲಾಗುವಾಗ ಸಮಿತಿಗಳೆಲ್ಲ ಹೊಸದಾಗುತ್ತವೆ. ಮಾರ್ಚ್ ಏಪ್ರಿಲ್‌ನಲ್ಲಿ ಸೇರಿದವರ ನೆನಪು ಹಳೆಯ ತಂಡದ ಜೊತೆಗೇ ಹೋಗಿಬಿಡುತ್ತದೆ. ಅದಕ್ಕೆ ಹೊಸಬರ ಹೆಸರು, ಮಾರ್ಗದರ್ಶಿಯ ಹೆಸರು, ಈವರೆಗೆ ವಹಿಸಿದ ಕೆಲಸ ಇರುವ ಪಟ್ಟಿಯನ್ನು ಹೊರಹೋಗುವ ಕಾರ್ಯದರ್ಶಿ ಬರುವವರಿಗೆ ಲೆಕ್ಕದ ಪುಸ್ತಕದ ಜೊತೆಗೇ ಒಪ್ಪಿಸಬೇಕು. ಮೂರನೇ ತಿಂಗಳ ಹೊತ್ತಿಗೆ ಒಂದು ಸಮಿತಿಯಲ್ಲಿ ಸ್ಥಾನ, ಆರನೇ ತಿಂಗಳ ಹೊತ್ತಿಗೆ ಸಣ್ಣದಾದರೂ ಸ್ವಂತ ಹೊಣೆಯ ಒಂದು ಕಾರ್ಯಕ್ರಮ. ಇವೆರಡೂ ಆಗದೆ ಎರಡು ಸಭೆ ಸತತವಾಗಿ ತಪ್ಪಿಸಿಕೊಂಡವರಿಗೆ ವಾಟ್ಸ್‌ಆ್ಯಪ್ ಸಂದೇಶ ಕಳಿಸಿ ಕೂರಬೇಡಿ, ಮಾರ್ಗದರ್ಶಿ ಅವರ ಅಂಗಡಿಗೆ ಹೋಗಿ ಮಾತಾಡಿಸಲಿ. ಬಿಡುವ ನಿರ್ಧಾರ ಮಾಡಿದ್ದರೆ ತಡೆಯುವುದು ಬೇಡ. ಕಾರಣ ಕೇಳಿ, ಹೇಳಿದ್ದನ್ನು ಹಾಗೆಯೇ ಬರೆದುಕೊಂಡು, ಮುಂದಿನ ಹೆಸರು ಸೂಚಿತವಾಗುವ ಮೊದಲು ಆಡಳಿತ ಮಂಡಳಿಯ ಸಭೆಯಲ್ಲಿ ಓದಿ.