ಫೋನಿಗೂ ಬೇಕು ತೋಟದ ಹಿಡಿ

ಅಂಗಡಿಯಿಂದ ತಂದ ಕತ್ತಿಯನ್ನು ನಾವ್ಯಾರೂ ಹಾಗೇ ತೋಟಕ್ಕೆ ಒಯ್ಯುವುದಿಲ್ಲ. ಹಿಡಿ ಹಾಕಿಸಿ, ಮಸೆದು, ಕೈಗೆ ಒಗ್ಗಿಸಿಕೊಳ್ಳುತ್ತೇವೆ. ಹದಿನಾಲ್ಕು ಸಾವಿರ ಕೊಟ್ಟ ಫೋನನ್ನು ಮಾತ್ರ ನಾನು ತಂದ ಹಾಗೇ ಕಿಸೆಗೆ ಹಾಕಿಕೊಂಡಿದ್ದೆ. ಅದಕ್ಕೆ ದಂಡ ತೆತ್ತದ್ದು ಕಳೆದ ವರ್ಷ ಆಟಿ ತಿಂಗಳಲ್ಲಿ.

ಮಳೆ ಸ್ವಲ್ಪ ಹೊಳವಾಗಿತ್ತು. ಕೊಳೆರೋಗ ಬಂದಿದೆಯೋ ನೋಡೋಣವೆಂದು ತೋಟದ ತಳಕ್ಕೆ ಇಳಿದೆ. ಕಣಿಗೆ ಹಾಕಿದ ಅಡಿಕೆ ಮರದ ಸಂಕ ಪಾಚಿ ಕಟ್ಟಿತ್ತು. ಕಾಲು ಜಾರಿತು. ಬಿದ್ದವನಿಗೆ ಎಡಗಾಲು ಊರಲು ಆಗಲಿಲ್ಲ. ಫೋನು ಕಿಸೆಯಲ್ಲೇ ಇತ್ತು, ಹಾಳಾಗಿರಲಿಲ್ಲ. ಅಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಬೆರಳು ಒದ್ದೆ, ಗಾಜು ಒದ್ದೆ, ಒರೆಸಲು ಒಣ ಬಟ್ಟೆ ಎಲ್ಲಿಂದ? ನಾನು ಮೂರು ಒತ್ತಿದರೆ ಅದು ಆರು ಎನ್ನುತ್ತದೆ. ಐದು ಸಲ ತಪ್ಪಿದ ಮೇಲೆ 'ಸ್ವಲ್ಪ ಹೊತ್ತು ಬಿಟ್ಟು ನೋಡಿ' ಅಂತ ಬಾಗಿಲು ಹಾಕಿತು. ಕೂಗಿದರೆ ಮಳೆ ಸದ್ದಿಗೆ ಯಾರಿಗೆ ಕೇಳ್ತದೆ? ಚಾ ಹೊತ್ತಾದರೂ ಬರಲಿಲ್ಲವೆಂದು ಮನೆಯವಳು ಕೊಡೆ ಹಿಡಿದು ಹುಡುಕಿ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಎಲುಬು ಬಿರುಕು. ಆರು ವಾರ ಪ್ಲಾಸ್ಟರು.

ನೋಡಲು ಬಂದ ಅಕ್ಕನ ಮಗ ಫೋನು ತೆಗೆದು ನೋಡಿ ನಕ್ಕ. "ಮಾವ, ಇದು ಪೇಟೆಯವರಿಗೆ ಮಾಡಿದ ಹಾಗೇ ಉಂಟಲ್ಲ! ತೋಟಕ್ಕೆ ಬೇಕಾದ ಹಾಗೆ ಮಾಡ್ಕೊಳ್ಳಿ" ಅಂದ. ಕಾಲು ಕುರ್ಚಿಯ ಮೇಲೆ, ಕೈಯಲ್ಲಿ ಫೋನು. ಆರು ವಾರದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಒದ್ದೆ ಕೈಗೆ ಗುಂಡಿಯೇ ಗತಿ

ಈ ಗಾಜಿನ ಅಡಿಯಲ್ಲಿ ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತದೆ. ಬೆರಳು ತಾಗಿದಲ್ಲಿ ಅದು ಬದಲಾಗುತ್ತದೆ, ಆ ಜಾಗವನ್ನು ಫೋನು ಗುರುತಿಸುತ್ತದೆ. ನೀರಿನ ಹನಿ ಬಿದ್ದರೂ ಅದಕ್ಕೆ ಬೆರಳು ಬಿದ್ದ ಹಾಗೇ. ಹಾಗಾಗಿ ಮಳೆಗಾಲದಲ್ಲಿ ನಂಬಬೇಕಾದ್ದು ಗಾಜನ್ನಲ್ಲ, ಬದಿಯ ಗುಂಡಿಗಳನ್ನು.

ಈಗಿನ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಉಂಟು. ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತು ಎಂಬಲ್ಲಿ ಅದನ್ನು ಚಾಲು ಮಾಡಬೇಕು. ಇಲ್ಲೊಂದು ಸೂಕ್ಷ್ಮ. ನನ್ನ ಫೋನಿನಲ್ಲಿ ಐದು ಸಲ ಒತ್ತಿದ ಮೇಲೂ ಗಾಜಿನ ಮೇಲೆ ಬೆರಳು ಒತ್ತಿ ಹಿಡಿಯಬೇಕಿತ್ತು. ಒದ್ದೆ ಕೈಗೆ ಅದೂ ಅಷ್ಟೇ! ಅದರ ಕೆಳಗೇ 'ತಾನಾಗಿ ಶುರುವಾಗಲಿ' ಎಂಬ ಇನ್ನೊಂದು ಆಯ್ಕೆ ಇತ್ತು. ಅದನ್ನು ಹಾಕಿಕೊಂಡೆ. ಅದೇ ಜಾಗದಲ್ಲಿ ರಕ್ತದ ಗುಂಪು, ಮನೆಯವರ ನಂಬರು ತುಂಬಿಸಿದರೆ ಫೋನು ಬೀಗ ಹಾಕಿದ್ದರೂ ಬೇರೆಯವರು ನೋಡಬಹುದು. ಒಮ್ಮೆ ಕಿಸೆಯಲ್ಲಿ ಗುಂಡಿ ಒತ್ತಿಹೋಗಿ 112ಕ್ಕೆ ಕರೆ ಹೋಯಿತು. ಹೆದರಿ ಕಟ್ ಮಾಡಬೇಡಿ, ತಪ್ಪಿ ಬಂತೆಂದು ಹೇಳಿ ಇಟ್ಟರಾಯಿತು.

ಅದೇ ಗುಂಡಿಯನ್ನು ಎರಡು ಸಲ ಒತ್ತಿದರೆ ಕ್ಯಾಮರಾ ತೆರೆಯುತ್ತದೆ, ಸದ್ದು ಹೆಚ್ಚಿಸುವ ಗುಂಡಿ ಒತ್ತಿದರೆ ಫೋಟೋ ಬೀಳುತ್ತದೆ. ಕೊಳೆ ಬಂದ ಗೊನೆಯ ಫೋಟೋ ತೆಗೆಯಲು ಈಗ ಕೈ ಒರೆಸುವ ಕೆಲಸ ಇಲ್ಲ. ಫೋನಿಗೆ ಕುತ್ತಿಗೆಗೆ ನೇತು ಹಾಕುವ ಪ್ಲಾಸ್ಟಿಕ್ ಚೀಲ ಕೊಂಡೆ, ನೂರೈವತ್ತು ರೂಪಾಯಿ. ಅದರೊಳಗೆ ಬೆರಳಚ್ಚು ಕೆಲಸ ಮಾಡದು, ಅಂಕೆಯ ಬೀಗವೇ ಬೇಕು. ಚೀಲಕ್ಕೆ ಮೊದಲು ಕಾಗದ ತುಂಬಿ, ನೀರಲ್ಲಿ ಮುಳುಗಿಸಿ ಪರೀಕ್ಷಿಸಿ. ನನ್ನ ಮೊದಲನೆಯದು ಸೋರಿತು.

ಪಂಪಿನ ಸ್ವರ

ನಮ್ಮ ಪಂಪಿನ ಸ್ಟಾರ್ಟರಿನಲ್ಲಿ ಸಿಮ್ ಉಂಟು. ಕರೆಂಟು ಬಂದರೆ, ನೀರಿಲ್ಲದೆ ನಿಂತರೆ ಅದು ಫೋನ್ ಮಾಡ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಫೋನು ಹೊಡೆದರೆ ಪಂಪೋ, ಯಾರಾದರೂ ತೀರಿಕೊಂಡ ಸುದ್ದಿಯೋ ಅಂತ ಎದೆ ಡವಡವ. ಆ ನಂಬರನ್ನು 'ಪಂಪು' ಎಂದು ಬರೆದಿಟ್ಟು ಅದಕ್ಕೇ ಬೇರೆ ಸ್ವರ ಹಾಕಬಹುದು. ನಕ್ಷತ್ರದ ಗುರುತು ಹಾಕಿ, ಸದ್ದು ಬಂದ್ ಮಾಡಿದಾಗಲೂ ಗುರುತು ಹಾಕಿದವರ ಕರೆ ಬರಲಿ ಎಂದು ಇಟ್ಟರೆ ಉಳಿದವರೆಲ್ಲ ಸುಮ್ಮನಿದ್ದರೂ ಅದು ಹೊಡೆಯುತ್ತದೆ.

ಕುಶಾಲಿಗೆ ನಾನು ಪಂಪಿಗೆ ಕಪ್ಪೆಯ ಸ್ವರ ಹಾಕಿದೆ. ಬೇಸಗೆಯೆಲ್ಲ ಚಂದವೇ ಇತ್ತು. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದು ಕೆರೆಯ ಕಪ್ಪೆಗಳು ಶುರು ಮಾಡಿದವು ನೋಡಿ, ಒಂದೇ ರಾತ್ರಿ ಮೂರು ಸಲ ಎದ್ದು ಕೂತೆ! ಈಗ ಪಂಪಿಗೆ ಚೆಂಡೆ.

ಹೇಳಿದರೆ ಬರೆಯುತ್ತದೆ

ಗೂಗಲ್ ಕೀಲಿಮಣೆಗೆ ಕನ್ನಡ ಸೇರಿಸಿ ಮೈಕಿನ ಚಿತ್ರ ಒತ್ತಿದರೆ ನಾವು ಹೇಳಿದ್ದನ್ನು ಬರೆಯುತ್ತದೆ. ಈ ಸೌಲಭ್ಯ ಕನ್ನಡಕ್ಕೆ ಬಂದದ್ದು 2017ರಲ್ಲಿ. ನಮ್ಮ ಮನೆಮಾತು ಅದಕ್ಕೆ ಹತ್ತುವುದಿಲ್ಲ, ಶಾಲೆಯ ಮೇಷ್ಟ್ರ ಹಾಗೆ ಬಿಡಿಸಿ ಮಾತಾಡಬೇಕು. ಮೈಲುತುತ್ತು ಎಂದರೆ ಮೈಲು ಬೇರೆ, ತುತ್ತು ಬೇರೆ ಮಾಡಿ ಕೊಟ್ಟಿತು. ಇದಕ್ಕೂ ಮದ್ದುಂಟು. ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ನಮ್ಮದೇ ನಿಘಂಟು ಮಾಡಿಕೊಳ್ಳಬಹುದು, ಉದ್ದ ಮಾತಿಗೆ ಗಿಡ್ಡ ಹೆಸರು ಕೊಡಬಹುದು. ನಾನು 'ಬೋದ್ರಾ' ಎಂದು ಬರೆದರೆ 'ಬೋರ್ಡೋ ದ್ರಾವಣ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್' ಎಂಬ ಸಾಲು ಮೇಲೆ ಬರುತ್ತದೆ, ಒತ್ತಿದರಾಯಿತು. ಮದ್ದು ಬಿಟ್ಟ ದಿನದ ಲೆಕ್ಕ ಈಗ ಕ್ಯಾಲೆಂಡರಿನ ಹಿಂಬದಿಯಲ್ಲಿಲ್ಲ.

ಉಳಿಸಿಕೊಂಡ ಆಪ್‌ಗಳು

ಮೊದಲ ಪುಟದಲ್ಲಿದ್ದ ಚಿತ್ರಗಳಲ್ಲಿ ಆರು ಉಳಿಸಿ ಉಳಿದವನ್ನು ಗುಡಿಸಿದೆ, ಅಕ್ಷರ ದೊಡ್ಡದು ಮಾಡಿದೆ. ಅದರಲ್ಲಿ ಒಂದು ದಾಮಿನಿ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯದ್ದು. ನಾವಿರುವ ಜಾಗದ 20 ಮತ್ತು 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿನ ಸೂಚನೆ ಕೊಡುತ್ತದೆ. ಬ್ಯಾಟರಿ ಉಳಿತಾಯ ಹಾಕಿದ್ದರೆ ಫೋನು ಇದನ್ನೂ ಮಲಗಿಸಿಬಿಡುತ್ತದೆ, ಆ ಒಂದು ಆಪ್‌ಗೆ ವಿನಾಯಿತಿ ಕೊಡಿ. ಇನ್ನೊಂದು ರಾಜ್ಯ ಸರಕಾರದ ದಿಶಾಂಕ್. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅದನ್ನು ಹಿಡಿದುಕೊಂಡು ನೆರೆಯವರೊಡನೆ ಬೇಲಿಯ ಜಗಳಕ್ಕೆ ಹೋಗಬೇಡಿ. ಮರದಡಿಯಲ್ಲಿ ಉಪಗ್ರಹದ ಲೆಕ್ಕ ಹಲವು ಮೀಟರು ತಪ್ಪುವುದುಂಟು.

ವಾಟ್ಸಾಪಿನಲ್ಲಿ ಬಂದ ಆಪ್ ಮಾತ್ರ ಯಾವುದನ್ನೂ ಹಾಕಬೇಡಿ. ಸಬ್ಸಿಡಿಯ ಹೆಸರಲ್ಲಿ ಬಂದದ್ದನ್ನು ನಮ್ಮ ನೆರೆಯವರೊಬ್ಬರು ಹಾಕಿಕೊಂಡರು. ಅದು ಸಂದೇಶ ಓದಲು ಅನುಮತಿ ಕೇಳಿತು, ಇವರು ಕೊಟ್ಟರು. ಬ್ಯಾಂಕಿನ ಒಟಿಪಿ ಅದಕ್ಕೇ ಸಿಕ್ಕಿತು, ಅಡಿಕೆ ಮಾರಿದ ಹಣ ಹೋಯಿತು. ಹಾಗಾದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಅವರಿಗೆ ಗೊತ್ತಾದದ್ದು ಎರಡು ದಿನ ಕಳೆದ ಮೇಲೆ.

ಪವರ್ ಬ್ಯಾಂಕ್ ಕೊಳ್ಳುವವರಿಗೊಂದು ಮಾತು. 10,000 ಎಂಎಎಚ್ ಎಂದು ಬರೆದದ್ದರಿಂದ 5,000ದ ಫೋನು ಎರಡು ಸಲ ತುಂಬದು. ವೋಲ್ಟೇಜ್ ಏರಿಸುವುದರಲ್ಲಿ ಸೋರಿಹೋಗಿ ಸಿಗುವುದು ಒಂದೂಕಾಲೋ ಒಂದೂವರೆಯೋ.

ಇಷ್ಟಾಗಿಯೂ ನಮ್ಮ ತೋಟದ ತಳದಲ್ಲಿ ರೇಂಜು ಒಂದು ಕಡ್ಡಿ, ಕೆಲವು ಸಲ ಅದೂ ಇಲ್ಲ. ಟವರೇ ಇಲ್ಲದಲ್ಲಿ 112 ಕೂಡ ಹೋಗದು. ಅದಕ್ಕೆ ಮನೆಯವಳು ಜಾತ್ರೆಯಿಂದ ಹತ್ತು ರೂಪಾಯಿಯ ಸೀಟಿ ತಂದು ಫೋನಿನ ಚೀಲದ ದಾರಕ್ಕೆ ಕಟ್ಟಿದ್ದಾಳೆ. ಮೂರು ಸಲ ಊದಿದರೆ ಬರುವುದು ಅಂತ ಮಾತಾಗಿದೆ. ಸಂಕಕ್ಕೂ ಈ ವರ್ಷ ಕೈಹಿಡಿ ಕಟ್ಟಿದೆ. ಫೋನಿನ ಮಾತಿನ ತೂತಿಗೆ ತೋಟದ ಧೂಳು ಕೂತು ಸ್ವರ ಸಣ್ಣಗಾಗುವುದಕ್ಕೆ ಮಾತ್ರ ಉಪಾಯ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದಿದ್ದರೆ ಬರೆಯಿರಿ.