ನೀರಿನ ಹದ

ಶುದ್ಧವಾದುದೆಲ್ಲವೂ ಹಿತವಾದುದು ಎಂಬ ಭಾವನೆ ಜನರ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. ನೀರಿನ ವಿಷಯದಲ್ಲಂತೂ ಈ ಭಾವನೆ ಇನ್ನೂ ಬಲವಾಗಿದೆ. ನೀರಿನಲ್ಲಿ ಏನೂ ಬೆರೆತಿರಬಾರದು, ಅದು ನೀರು ಮಾತ್ರವಾಗಿರಬೇಕು ಎಂದು ಬಯಸುವವರೇ ಹೆಚ್ಚು. ಆದರೆ ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನೂ ಜಲಸಸ್ಯಗಳನ್ನೂ ಸಾಕುವವರಿಗೆ ಪ್ರಕೃತಿಯು ಬೇರೊಂದು ಪಾಠವನ್ನು ಕಲಿಸುತ್ತದೆ.

ಬೆಂಗಳೂರಿನ ಜಯನಗರದಲ್ಲಿ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಮನೆಯಲ್ಲಿ 40 ಲೀಟರ್ ನೀರು ಹಿಡಿಯುವ ತೊಟ್ಟಿಯೊಂದನ್ನು ಇಟ್ಟಿದ್ದಾಳೆಂದು ಭಾವಿಸಬಹುದು. ಅದರಲ್ಲಿ ವ್ಯಾಲಿಸ್ನೇರಿಯ, ಹೈಡ್ರಿಲ್ಲ, ರೊಟಾಲ ಎಂಬ ಸಸ್ಯಗಳೂ ಕೆಲವು ಪುಟ್ಟ ಮೀನುಗಳೂ ಇವೆ. ಕೊಳವೆ ಬಾವಿಯ ನೀರನ್ನು ತುಂಬಿದಾಗ ಗಾಜಿನ ಅಂಚಿನಲ್ಲಿ ಬಿಳಿಯ ಸುಣ್ಣದ ಪದರ ಕಟ್ಟತೊಡಗಿತು. ಅದನ್ನು ಕಂಡು ಬೇಸತ್ತ ಆಕೆ, ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಆರ್‌ಓ ಯಂತ್ರದ ನೀರನ್ನೇ ತೊಟ್ಟಿಗೆ ತುಂಬಿದಳು. ಒಂದು ವಾರ ತೊಟ್ಟಿಯು ಸ್ಫಟಿಕದಂತೆ ಹೊಳೆಯಿತು. ಆದರೆ ಮೂರನೆಯ ವಾರದ ಹೊತ್ತಿಗೆ ಸಸ್ಯಗಳ ಹೊಸ ಎಲೆಗಳು ಬಿಳಿಚಿ ಸುರುಟಿಕೊಂಡವು. ಎರಡು ಮೀನುಗಳು ಸತ್ತು ತೇಲಿದವು.

"ತಾತ, ನಾವು ಕುಡಿಯುವ ನೀರನ್ನೇ ಹಾಕಿದ್ದೆ. ಇದಕ್ಕಿಂತ ಶುದ್ಧವಾದ ನೀರು ಎಲ್ಲಿ ಸಿಗುತ್ತದೆ?" ಎಂದು ಆಕೆ ಕಣ್ಣು ತುಂಬಿಕೊಂಡು ಕೇಳಿದಳು.

"ಶುದ್ಧವೇನೋ ಹೌದು, ಮಗು. ಆದರೆ ಉಪ್ಪಿಲ್ಲದ ಸಾರನ್ನು ನೀನು ಎಷ್ಟು ದಿನ ಉಣ್ಣಬಲ್ಲೆ?" ಎಂದರು ತಾತ.

ತಾತನ ಮಾತಿನ ಅರ್ಥವನ್ನು ತಿಳಿಯಬೇಕಾದರೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಜಯನಗರಕ್ಕೆ ಹೊಂದಿಕೊಂಡಿರುವ ಲಾಲ್‌ಬಾಗಿನಲ್ಲಿ ಒಂದು ದೊಡ್ಡ ಬಂಡೆಯಿದೆ. ಅದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ. ಈ ಜಾತಿಯ ಶಿಲೆಯೇ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ನೆಲದಡಿಯಲ್ಲಿಯೂ ಹರಡಿಕೊಂಡಿದೆ. ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸೌಮ್ಯವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಈ ಆಮ್ಲವು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವುಗಳನ್ನು ಕರಗಿಸಿಕೊಳ್ಳುತ್ತದೆ. ಆದುದರಿಂದಲೇ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸಾಗಿರುತ್ತದೆ. ಕಾವೇರಿ ನದಿಯ ನೀರಿನ ಗಡಸುತನ ಇದಕ್ಕಿಂತ ಕಡಿಮೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪುಗಳ ಮೂಲಕ ಮೇಲೆತ್ತಿ ತರುವ ಆ ನೀರು 1974ರಲ್ಲಿ ಮೊದಲ ಬಾರಿಗೆ ಬೆಂಗಳೂರನ್ನು ತಲುಪಿತು. ಅದರ ಐದನೆಯ ಹಂತದ ಯೋಜನೆಯು 2024ರ ಅಕ್ಟೋಬರ್ ತಿಂಗಳಿನಲ್ಲಿ ಉದ್ಘಾಟನೆಗೊಂಡಿತು. ಆದರೂ ಅನೇಕ ಮನೆಗಳು ಇಂದಿಗೂ ಕೊಳವೆ ಬಾವಿಯನ್ನು ಅವಲಂಬಿಸಿವೆ. ಆದುದರಿಂದ ಆರ್‌ಓ ಯಂತ್ರವು ಮನೆಮನೆಯ ವಸ್ತುವಾಗಿದೆ.

ಆರ್‌ಓ ಎಂದರೆ ಹಿಮ್ಮುಖ ಅಭಿಸರಣ. ಅರೆಪಾರಗಮ್ಯ ಪೊರೆಯ ಮೂಲಕ ನೀರು ತೆಳುವಾದ ದ್ರಾವಣದಿಂದ ಗಾಢವಾದ ದ್ರಾವಣದ ಕಡೆಗೆ ತಾನಾಗಿಯೇ ಹರಿಯುವುದು ಅಭಿಸರಣ. ಗಾಢ ದ್ರಾವಣದ ಮೇಲೆ ಸಾಕಷ್ಟು ಒತ್ತಡವನ್ನು ಹೇರಿದರೆ ನೀರು ವಿರುದ್ಧ ದಿಕ್ಕಿನಲ್ಲಿ ಪೊರೆಯನ್ನು ದಾಟುತ್ತದೆ. ಲವಣಗಳು ಬಹುಪಾಲು ಹಿಂದೆಯೇ ಉಳಿಯುತ್ತವೆ. ಈ ತತ್ತ್ವವನ್ನು ಬಳಕೆಗೆ ತರಬಲ್ಲ ಪೊರೆಯನ್ನು ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ವಿಜ್ಞಾನಿ ಶ್ರೀನಿವಾಸ ಸೌರಿರಾಜನ್ ಅವರು 1960ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದರು. ಉತ್ತಮ ಪೊರೆಯೊಂದು ನೀರಿನಲ್ಲಿ ಕರಗಿರುವ ಲವಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಭಾಗವನ್ನು ತಡೆಯುತ್ತದೆ. ಆದರೆ ಆ ಪೊರೆಗೆ ಬೇಡವಾದ ಲವಣ ಯಾವುದು, ಬೇಕಾದ ಲವಣ ಯಾವುದು ಎಂಬ ವಿವೇಕವಿಲ್ಲ. ಅದು ಎರಡನ್ನೂ ಒಟ್ಟಾಗಿಯೇ ಹೊರಗಿಡುತ್ತದೆ.

ಹೀಗೆ ಹೊರಗಿಟ್ಟ ಲವಣಗಳೇ ತೊಟ್ಟಿಯ ಜೀವಿಗಳಿಗೆ ಆಧಾರ. ಎಲೆಗಳ ಹಸಿರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತಿನ ಪ್ರತಿಯೊಂದು ಅಣುವಿನ ನಡುವೆಯೂ ಒಂದು ಮೆಗ್ನೀಸಿಯಂ ಪರಮಾಣು ಇರುತ್ತದೆ. ಕ್ಯಾಲ್ಸಿಯಂ ಜೀವಕೋಶದ ಭಿತ್ತಿಯನ್ನು ಗಟ್ಟಿಗೊಳಿಸುತ್ತದೆ. ಅದು ಹಳೆಯ ಎಲೆಗಳಿಂದ ಹೊಸ ಎಲೆಗಳಿಗೆ ಸಾಗಲಾರದು. ಆದುದರಿಂದ ಕ್ಯಾಲ್ಸಿಯಂ ಕೊರತೆಯಾದಾಗ ಮೊದಲು ಸುರುಟುವುದು ಚಿಗುರೇ. ಮೀನುಗಳ ಸ್ಥಿತಿಯೂ ಕಷ್ಟಕರವಾದುದು. ಸಿಹಿನೀರಿನ ಮೀನಿನ ರಕ್ತವು ಸುತ್ತಲಿನ ನೀರಿಗಿಂತ ಹೆಚ್ಚು ಲವಣಯುಕ್ತವಾಗಿರುವುದರಿಂದ, ಅಭಿಸರಣದ ನಿಯಮದಂತೆ ಕಿವಿರುಗಳ ಮೂಲಕ ನೀರು ಸದಾ ಒಳನುಗ್ಗುತ್ತಿರುತ್ತದೆ. ಮೀನು ಆ ನೀರನ್ನು ಮೂತ್ರದ ಮೂಲಕ ಹೊರಹಾಕಿ, ಕಳೆದುಕೊಂಡ ಲವಣಗಳನ್ನು ಆಹಾರದಿಂದಲೂ ಸುತ್ತಲಿನ ನೀರಿನಿಂದಲೂ ಪಡೆಯಬೇಕು. ನೀರಿನಲ್ಲಿ ಲವಣವೇ ಇಲ್ಲದಿದ್ದರೆ ಈ ಹೋರಾಟ ಇನ್ನೂ ಕಠಿಣವಾಗುತ್ತದೆ.

ಇನ್ನೊಂದು ಅಪಾಯವು ಕಣ್ಣಿಗೆ ಕಾಣದು. ನೀರಿನಲ್ಲಿರುವ ಬೈಕಾರ್ಬೊನೇಟು ಆಮ್ಲವನ್ನು ತಡೆಹಿಡಿಯುವ ಕಾವಲುಗಾರನಂತಿರುತ್ತದೆ. ಮೀನುಗಳ ತ್ಯಾಜ್ಯದಿಂದ ಹುಟ್ಟುವ ಅಮೋನಿಯವನ್ನು ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲವು ಉಂಟಾಗುತ್ತದೆ. ಬೈಕಾರ್ಬೊನೇಟು ಇದ್ದರೆ ಆ ಆಮ್ಲವನ್ನು ನಿಷ್ಪರಿಣಾಮಗೊಳಿಸುತ್ತದೆ. ಅದು ಮುಗಿದುಹೋದ ಕೂಡಲೆ ನೀರಿನ ಪಿಎಚ್ ಮೌಲ್ಯವು ಹಠಾತ್ತನೆ ಕುಸಿಯಬಹುದು. ಶುದ್ಧೀಕರಿಸಿದ ನೀರಿನಲ್ಲಿ ಈ ಕಾವಲುಗಾರನು ಇಲ್ಲವೆಂದೇ ಹೇಳಬಹುದು.

ಇದಕ್ಕೆ ಪರಿಹಾರವೆಂದರೆ, ತೆಗೆದುದನ್ನು ಅಳತೆಯರಿತು ಮರಳಿ ಕೊಡುವುದು. ಗಡಸುತನವನ್ನು ಅಳೆಯಲು ತೊಟ್ಟಿ ಸಾಕುವವರು 'ಡಿಗ್ರಿ' ಎಂಬ ಮಾನವನ್ನು ಬಳಸುತ್ತಾರೆ. ಒಂದು ಡಿಗ್ರಿ ಎಂದರೆ ಲೀಟರಿಗೆ 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಗಡಸುತನ. ಅನೇಕ ಜಲಸಸ್ಯಗಳಿಗೆ ನಾಲ್ಕರಿಂದ ಎಂಟು ಡಿಗ್ರಿ ಹಿತಕರ. 40 ಲೀಟರ್ ಆರ್‌ಓ ನೀರಿನ ಗಡಸುತನವನ್ನು ನಾಲ್ಕು ಡಿಗ್ರಿಗೆ ಏರಿಸಲು ಸುಮಾರು 3.7 ಗ್ರಾಂ ಜಿಪ್ಸಂ ಮತ್ತು 1.75 ಗ್ರಾಂ ಎಪ್ಸಂ ಲವಣ ಸಾಕು. ಇದರಲ್ಲಿ ಮೂರು ಡಿಗ್ರಿ ಕ್ಯಾಲ್ಸಿಯಂನಿಂದಲೂ ಒಂದು ಡಿಗ್ರಿ ಮೆಗ್ನೀಸಿಯಂನಿಂದಲೂ ದೊರೆಯುತ್ತದೆ. ಆಮ್ಲವನ್ನು ತಡೆಯುವ ಶಕ್ತಿಗಾಗಿ ಸುಮಾರು 2.9 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ಸೇರಿಸಿದರೆ ಅದು ಎರಡು ಡಿಗ್ರಿಯಷ್ಟು ಆಗುತ್ತದೆ. ಜಿಪ್ಸಂ ನಿಧಾನವಾಗಿ ಕರಗುವ ವಸ್ತು. ಆದುದರಿಂದ ಈ ಲವಣಗಳನ್ನು ನೇರವಾಗಿ ತೊಟ್ಟಿಗೆ ಸುರಿಯದೆ, ಹಿಂದಿನ ರಾತ್ರಿಯೇ ಬೇರೆ ಬಕೆಟಿನ ನೀರಿನಲ್ಲಿ ಕಲಸಿ ಕರಗಿಸಬೇಕು. ತೊಟ್ಟಿಯ ನೀರನ್ನು ಒಮ್ಮೆಲೇ ಬದಲಿಸದೆ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು. ಏಕೆಂದರೆ ಹಠಾತ್ತಾದ ಬದಲಾವಣೆಯೇ ಮೀನಿಗೆ ಮಾರಕವಾಗಬಹುದು.

ಇದಕ್ಕಿಂತಲೂ ಸುಲಭವಾದ ಮಾರ್ಗವೊಂದಿದೆ. ಅದು ಬೆರಕೆಯ ಮಾರ್ಗ. ಕೊಳವೆ ಬಾವಿಯ ನೀರಿನ ಗಡಸುತನ ಲೀಟರಿಗೆ 360 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಅದರ ಒಂದು ಪಾಲಿಗೆ ನಾಲ್ಕು ಪಾಲು ಆರ್‌ಓ ನೀರನ್ನು ಬೆರೆಸಿದಾಗ ಅದು 72 ಮಿಲಿಗ್ರಾಂಗೆ ಇಳಿಯುತ್ತದೆ. ಇದು ಸುಮಾರು ನಾಲ್ಕು ಡಿಗ್ರಿ. ಅಂದರೆ 40 ಲೀಟರಿನ ತೊಟ್ಟಿಗೆ 8 ಲೀಟರ್ ಬಾವಿಯ ನೀರು, 32 ಲೀಟರ್ ಆರ್‌ಓ ನೀರು. ಬೈಕಾರ್ಬೊನೇಟು ಸಹ ಬಾವಿಯ ನೀರಿನೊಡನೆಯೇ ಬರುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಕೆಲವು ವಸತಿ ಸಮುಚ್ಚಯಗಳಲ್ಲಿ ನೀರನ್ನು ಮೆದುಗೊಳಿಸುವ ಯಂತ್ರಗಳಿರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದು ಅವುಗಳ ಸ್ಥಾನದಲ್ಲಿ ಸೋಡಿಯಂ ಅನ್ನು ಇರಿಸುತ್ತವೆ. ಅಂತಹ ನೀರು ಸೋಪಿನ ನೊರೆಗೆ ಒಳ್ಳೆಯದು, ಸಸ್ಯಗಳಿಗೆ ಅಲ್ಲ. ನಲ್ಲಿಯ ನೀರನ್ನು ಬೆರೆಸುವುದಾದರೆ ಅದರಲ್ಲಿರುವ ಕ್ಲೋರಿನನ್ನು ಮೊದಲು ಹೋಗಲಾಡಿಸಬೇಕು.

ಜೀವಿಗಳ ನಡುವಣ ಇಂತಹ ಸಮತೋಲವನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಪ್ರಮುಖರು. 1850ರಲ್ಲಿ ಅವರು ತಮ್ಮ ತೊಟ್ಟಿಯ ವಿವರವನ್ನು ಪ್ರಕಟಿಸಿದರು. ಅದರಲ್ಲಿ ಚಿನ್ನದ ಮೀನುಗಳೂ ವ್ಯಾಲಿಸ್ನೇರಿಯ ಗಿಡವೂ ಇದ್ದವು. ಕೊಳೆತ ಎಲೆಗಳು ನೀರನ್ನು ಕೆಡಿಸತೊಡಗಿದಾಗ ಅವರು ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತುದನ್ನು ತಿಂದವು, ತೊಟ್ಟಿ ತಿಳಿಯಾಯಿತು. ಒಂದು ಜೀವಿಯ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ ಎಂಬುದನ್ನು ಅವರು ಹೀಗೆ ಕಂಡುಕೊಂಡರು.

ಈ ವಿಷಯದಲ್ಲಿ ನೆರೆಹೊರೆಯವರ ಹಿತವೂ ಅಡಗಿದೆ. ಮನೆಯ ಆರ್‌ಓ ಯಂತ್ರವು ಒಂದು ಲೀಟರ್ ನೀರನ್ನು ಕೊಡುವಾಗ ಸಾಮಾನ್ಯವಾಗಿ ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆ ಬಾವಿಗಳು ಬತ್ತಿ, ಜನರು ಟ್ಯಾಂಕರುಗಳಿಗಾಗಿ ಕಾಯಬೇಕಾಯಿತು. ಅಂತಹ ನಗರದಲ್ಲಿ ಮೀನಿನ ತೊಟ್ಟಿಗಾಗಿ ಅಗತ್ಯಕ್ಕಿಂತ ಹೆಚ್ಚು ಶುದ್ಧ ನೀರನ್ನು ಬಯಸುವುದು ಇತರರ ಪಾಲನ್ನು ಚೆಲ್ಲಿದಂತೆಯೇ ಸರಿ.

ಜಯನಗರದ ಬಾಲಕಿ ಈಗ ಬೆರಕೆಯ ಮಾರ್ಗವನ್ನು ಹಿಡಿದಿದ್ದಾಳೆ. ಪ್ರತಿ ಭಾನುವಾರ ಗಡಸುತನವನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾಳೆ. ಯಂತ್ರವು ಚೆಲ್ಲುವ ನೀರನ್ನು ಬಕೆಟಿನಲ್ಲಿ ಹಿಡಿದು ನೆಲ ಒರೆಸಲು ಕೊಡುತ್ತಾಳೆ. ರೊಟಾಲ ಗಿಡದಲ್ಲಿ ನೇರವಾದ ಹೊಸ ಚಿಗುರು ಮೂಡಿದೆ. ಸತ್ತ ಎರಡು ಮೀನುಗಳು ಮರಳಿ ಬರಲಾರವು. ಆದರೆ ಉಳಿದವು ಬದುಕಿವೆ. ಜೀವಕ್ಕೆ ಬೇಕಾದುದು ಬರಿಯ ಶುದ್ಧಿಯಲ್ಲ, ಹದ ಎಂಬುದನ್ನು ಆಕೆ ಅರಿತಿದ್ದಾಳೆ. ಆ ಹದವನ್ನು ಕಾಯಲು ಅಳತೆಯ ಜ್ಞಾನ ಬೇಕು. ದಿನವೂ ನೋಡಿಕೊಳ್ಳುವ ತಾಳ್ಮೆಯೂ ಬೇಕು.

ಅಭ್ಯಾಸ

1. ಕೊಳವೆ ಬಾವಿಯ ನೀರು ಗಡಸಾಗಲು ಕಾರಣವೇನು?
2. "ಉಪ್ಪಿಲ್ಲದ ಸಾರನ್ನು ನೀನು ಎಷ್ಟು ದಿನ ಉಣ್ಣಬಲ್ಲೆ?" ಎಂಬ ತಾತನ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.
3. ಬಾವಿಯ ನೀರಿನ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಇದ್ದರೆ, 40 ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 75 ಮಿಲಿಗ್ರಾಂ ಗಡಸುತನವನ್ನು ಪಡೆಯಲು ಎಷ್ಟು ಬಾವಿಯ ನೀರನ್ನು ಬೆರೆಸಬೇಕು?