ಕೂಲಿಯವನ ಪ್ಯಾರಿಷ್

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಹಳ್ಳಿಯ ಪ್ರಸ್ತಾಪ ಬಂದಲ್ಲೆಲ್ಲ ‘ಪ್ಯಾರಿಷ್’ ಎನ್ನುವ ಮಾತು ಬರುತ್ತದೆ. ಅದು ಚರ್ಚಿಗೆ ಸೇರಿದ್ದೋ, ಸರ್ಕಾರಕ್ಕೆ ಸೇರಿದ್ದೋ? ಪಾದ್ರಿಗಳ, ಜಮೀನ್ದಾರರ ಮನೆಗಳ ಕಥೆ ಬೇಕಾದಷ್ಟು ಸಿಗುತ್ತದೆ. ಅದೇ ಹಳ್ಳಿಯ ಕೂಲಿಯವರು ಹೇಗೆ ಬದುಕುತ್ತಿದ್ದರು?

ಉತ್ತರ: ಎರಡಕ್ಕೂ ಸೇರಿದ್ದು. ಆ ಕಾಲದ ಹಳ್ಳಿಯ ಬದುಕಿನ ಗಂಟು ಇರುವುದೇ ಅಲ್ಲಿ. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 15,000 ಪ್ಯಾರಿಷ್‌ಗಳಿದ್ದವು. ಸಾಮಾನ್ಯವಾಗಿ ಒಂದು ಚರ್ಚು, ಅದರ ಅಂಗಳದಲ್ಲೇ ಊರಿನ ಸ್ಮಶಾನ, ಒಬ್ಬ ಪಾದ್ರಿ. ಇಷ್ಟೇ ಆಗಿದ್ದರೆ ಅದು ಧರ್ಮದ ವ್ಯವಸ್ಥೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಊರಿನ ರಸ್ತೆ ರಿಪೇರಿ, ಬಡವರ ಪಾಲನೆಯ ಖರ್ಚು, ಅದಕ್ಕೆ ಬೇಕಾದ ತೆರಿಗೆಯ ವಸೂಲಿ ಎಲ್ಲವೂ ಅದೇ ಪ್ಯಾರಿಷ್‌ನ ತಲೆಯ ಮೇಲಿತ್ತು. ತೆರಿಗೆ ಕೊಡುವವರ ಸಭೆಗೆ ವೆಸ್ಟ್ರಿ ಎಂದು ಹೆಸರು. ಪಾದ್ರಿ ನಿಲುವಂಗಿ ತೊಡುವ ಚರ್ಚಿನ ಪಕ್ಕದ ಕೋಣೆಯೇ ಅದಕ್ಕೆ ಜಾಗ, ಪಾದ್ರಿಯೇ ಅದಕ್ಕೆ ಅಧ್ಯಕ್ಷ. ಕೂಲಿಯವನಿಗೆ ಅಲ್ಲಿ ಕೂರಲು ಬೆಂಚಿರಲಿಲ್ಲ, ಆಡಲು ಮಾತೂ ಇರಲಿಲ್ಲ.

ಕಾದಂಬರಿ ಓದುವಾಗ ಕಾಡುವ ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ರೆಕ್ಟರ್, ವಿಕಾರ್, ಕ್ಯುರೇಟ್ ಮೂವರೂ ಪಾದ್ರಿಗಳೇ. ವ್ಯತ್ಯಾಸ ಇರುವುದು ಆದಾಯದಲ್ಲಿ. ಊರಿನ ಬೆಳೆಯ ದಶಮಾಂಶವೆಲ್ಲ ರೆಕ್ಟರಿಗೆ. ವಿಕಾರ್‌ಗೆ ಸಿಗುತ್ತಿದ್ದುದು ಅದರ ಚಿಕ್ಕ ಪಾಲು. ಧಾನ್ಯ, ಹುಲ್ಲಿನ ದೊಡ್ಡ ಪಾಲು ಬೇರೆ ಯಾರಿಗೋ ಹೋಗುತ್ತಿತ್ತು. ಕ್ಯುರೇಟ್ ಸಂಬಳಕ್ಕೆ ದುಡಿಯುವ ಸಹಾಯಕ. 1836ರ ಕಾನೂನು ಈ ದಶಮಾಂಶವನ್ನು ಕಾಳಿನ ಬದಲು ಹಣದ ರೂಪಕ್ಕೆ ತಂದಿತು. ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಬೆಲೆ ನೋಡಿ ಮೊತ್ತ ಗೊತ್ತುಮಾಡುತ್ತಿದ್ದರು.

ಇನ್ನು ಕೂಲಿಯವರ ಮಾತಿಗೆ ಬರೋಣ. ಅವರ ಮಟ್ಟಿಗೆ ಪ್ಯಾರಿಷ್ ಎಂದರೆ ಮೊದಲು ಒಂದು ಪ್ರಶ್ನೆ: ನಾನು ಬಿದ್ದುಹೋದರೆ ನನಗೆ ಅನ್ನ ಹಾಕಬೇಕಾದವರು ಯಾರು? 1662ರಿಂದಲೂ ಕಾನೂನಿನ ಉತ್ತರ ಒಂದೇ: ನೀನು ಯಾವ ಪ್ಯಾರಿಷ್‌ಗೆ ಸೇರಿದವನೋ ಅದು. ಸೇರಿದವನು ಎಂದರೆ ವಾಸವಾಗಿರುವವನು ಎಂದಲ್ಲ. ಹುಟ್ಟು, ತಂದೆಯ ಊರು, ಕೆಲಸ ಕಲಿತ ಜಾಗ, ಇವೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಹೆಂಗಸು ಮದುವೆಯಾದ ಕ್ಷಣ ಗಂಡನ ಪ್ಯಾರಿಷ್‌ಗೆ ಸೇರಿಹೋಗುತ್ತಿದ್ದಳು, ಅವಳು ಆ ಊರನ್ನು ಕಣ್ಣಿನಿಂದ ನೋಡಿರದಿದ್ದರೂ. ಮುಂದೆ ಗಂಡ ಸತ್ತು, ಮಕ್ಕಳನ್ನು ಕಟ್ಟಿಕೊಂಡು ಆಕೆ ನೆರವು ಕೇಳಿದರೆ, ವರ್ಷಗಟ್ಟಲೆ ಬಾಳಿದ ಊರಿನಿಂದ ಆಕೆಯನ್ನು ಗಾಡಿ ಹತ್ತಿಸಿ ಆ ಅಪರಿಚಿತ ಊರಿಗೆ ಸಾಗಿಸಬಹುದಾಗಿತ್ತು. ಗಂಡ ಸತ್ತ ಮೊದಲ ಹನ್ನೆರಡು ತಿಂಗಳು ವಿಧವೆಯನ್ನು ಹೀಗೆ ಹೊರಹಾಕಬಾರದು ಎಂದು 1846ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಬೇಕಾಯಿತು. ಅಂಥದ್ದೊಂದು ಕಾನೂನು ಬೇಕಾಯಿತು ಎನ್ನುವುದೇ ಅಲ್ಲಿಯವರೆಗೆ ನಡೆಯುತ್ತಿದ್ದುದು ಏನು ಎಂಬುದನ್ನು ಹೇಳುತ್ತದೆ. ಐದು ವರ್ಷ ಒಂದೇ ಕಡೆ ಇದ್ದವರನ್ನು ಎಬ್ಬಿಸಬಾರದು ಎಂಬುದೂ ಅದೇ ಕಾನೂನಿನಲ್ಲಿ ಬಂತು. ಮುಂದೆ ಆ ಐದು ಮೂರಾಯಿತು, 1865ರಲ್ಲಿ ಒಂದಾಯಿತು.

ಈ ನಿಯಮ ಊರಿನ ನಕ್ಷೆಯನ್ನೇ ಬದಲಿಸಿತು. ಇಡೀ ಪ್ಯಾರಿಷ್ ಒಬ್ಬ ಜಮೀನ್ದಾರನ ಕೈಯಲ್ಲಿದ್ದರೆ, ಅವನು ಕೂಲಿಯವರ ಗುಡಿಸಲುಗಳನ್ನು ಬೀಳಿಸಿಬಿಡುತ್ತಿದ್ದ, ಹೊಸದನ್ನು ಕಟ್ಟಲು ಬಿಡುತ್ತಿರಲಿಲ್ಲ. ಮನೆಯಿಲ್ಲದಿದ್ದರೆ ಬಡವರಿಲ್ಲ, ಬಡವರಿಲ್ಲದಿದ್ದರೆ ತೆರಿಗೆಯ ಭಾರವೂ ಇಲ್ಲ. ಆದರೆ ಹೊಲದಲ್ಲಿ ದುಡಿಯಲು ಜನ ಬೇಕಲ್ಲ? ಅವರು ಪಕ್ಕದ, ಒಡೆತನ ಹಂಚಿಹೋಗಿದ್ದ ಊರಿನ ಇಕ್ಕಟ್ಟು ಮನೆಗಳಿಂದ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಮೊದಲನೆಯದಕ್ಕೆ ಮುಚ್ಚಿದ ಊರು, ಎರಡನೆಯದಕ್ಕೆ ತೆರೆದ ಊರು ಎನ್ನುತ್ತಿದ್ದರು. ನಾರ್ಫೋಕ್‌ನ ಕ್ಯಾಸಲ್ ಏಕರ್ ತೆರೆದ ಊರಾಗಿ ಹೆಸರು ಕೆಡಿಸಿಕೊಂಡಿತ್ತು. ಹೆಂಗಸರು, ಮಕ್ಕಳನ್ನು ಗುಂಪು ಕಟ್ಟಿ ಕಳೆ ಕೀಳಲು, ಕಲ್ಲು ಆರಿಸಲು ಹೊಡೆದುಕೊಂಡು ಹೋಗುವ ಮೇಸ್ತ್ರಿಗಳು ಅಲ್ಲಿಂದ ಹೊರಡುತ್ತಿದ್ದರು. ಎಂಟು ವರ್ಷ ತುಂಬದ ಮಕ್ಕಳನ್ನು ಈ ಗುಂಪಿಗೆ ಸೇರಿಸಬಾರದು ಎಂಬ ಕಾನೂನು ಬಂದದ್ದು 1867ರಲ್ಲಿ. ಬಡವರ ಖರ್ಚನ್ನು ಒಂದೊಂದು ಪ್ಯಾರಿಷ್ ಬೇರೆಬೇರೆಯಾಗಿ ಹೊರುವ ಬದಲು ಹಲವು ಪ್ಯಾರಿಷ್‌ಗಳ ಒಕ್ಕೂಟ ಒಟ್ಟಾಗಿ ಹೊರಬೇಕು ಎಂದು 1865ರಲ್ಲಿ ಆದ ಮೇಲಷ್ಟೇ ಗುಡಿಸಲು ಬೀಳಿಸುವುದರ ಲಾಭ ಹೋಯಿತು.

ಒಕ್ಕೂಟಗಳು ಹುಟ್ಟಿದ್ದು 1834ರ ಬಡವರ ಹೊಸ ಕಾನೂನಿನಿಂದ. ನೆರವು ಕೇಳಿ ಬಂದ ಬಡವರನ್ನು ಒಳಗಿರಿಸಿಕೊಂಡು ದುಡಿಸುವ ವರ್ಕ್‌ಹೌಸ್‌ಗಳನ್ನು ನಡೆಸುತ್ತಿದ್ದುದೂ ಅವೇ. ಒಳಗೆ ಹೋದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. 1845ರಲ್ಲಿ ಆಂಡೋವರ್‌ನ ವರ್ಕ್‌ಹೌಸಿನಲ್ಲಿ ಗೊಬ್ಬರಕ್ಕಾಗಿ ಮೂಳೆ ಕುಟ್ಟುವ ಕೆಲಸಕ್ಕೆ ಹಚ್ಚಿದ್ದವರು ಹಸಿವು ತಾಳದೆ ಆ ಮೂಳೆಗಳನ್ನೇ ಕಡಿದು ತಿನ್ನುತ್ತಿದ್ದರೆಂಬುದು ಬಯಲಾಗಿ ದೇಶವೆಲ್ಲ ಬೆಚ್ಚಿತು. ಹಳ್ಳಿಯ ಮುದುಕರು ಸಾವಿಗಿಂತ ವರ್ಕ್‌ಹೌಸಿಗೆ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಕೂಲಿ ಎಷ್ಟಿತ್ತು? 1850ರ ಸುಮಾರಿನಲ್ಲಿ ದೇಶ ಸುತ್ತಿ ಲೆಕ್ಕ ಬರೆದ ಜೇಮ್ಸ್ ಕೇರ್ಡ್ ಪ್ರಕಾರ ಉತ್ತರದ ಜಿಲ್ಲೆಗಳಲ್ಲಿ ವಾರಕ್ಕೆ ಸರಾಸರಿ 11 ಶಿಲ್ಲಿಂಗ್ 6 ಪೆನ್ಸ್, ದಕ್ಷಿಣದಲ್ಲಿ 8 ಶಿಲ್ಲಿಂಗ್ 5 ಪೆನ್ಸ್. ಉತ್ತರದಲ್ಲಿ ಗಿರಣಿ, ಗಣಿಗಳು ಕೈಬೀಸಿ ಕರೆಯುತ್ತಿದ್ದುದರಿಂದ ರೈತರು ಹೆಚ್ಚು ಕೊಡಲೇಬೇಕಿತ್ತು. ಊಟವೆಂದರೆ ಬ್ರೆಡ್ಡು, ಆಲೂಗಡ್ಡೆ, ತೆಳು ಚಹಾ. ಹಿತ್ತಲಲ್ಲಿ ಹಂದಿ ಸಾಕಿದ್ದರೆ ಒಂದಿಷ್ಟು ಬೇಕನ್. ಸುಗ್ಗಿ ಮುಗಿದ ಹೊಲದಲ್ಲಿ ಹೆಂಗಸರು, ಮಕ್ಕಳು ಬಗ್ಗಿ ಬಗ್ಗಿ ಆಯ್ದ ತೆನೆ ಚಳಿಗಾಲದ ಹಿಟ್ಟಾಗುತ್ತಿತ್ತು. ಎಷ್ಟೋ ಕಡೆ ಮನೆಯೂ ಯಜಮಾನನದೇ. ಕೆಲಸ ಹೋದರೆ ಸೂರೂ ಹೋಯಿತು.

ಪಾದ್ರಿಗಳೆಲ್ಲ ಉಳ್ಳವರ ಬೆನ್ನಿಗೇ ನಿಂತರೆಂದು ಬರೆದರೆ ತಪ್ಪಾಗುತ್ತದೆ. ಸಫೋಕ್‌ನ ಹಿಚಮ್ ಎಂಬ ಹಳ್ಳಿಗೆ 1837ರಲ್ಲಿ ರೆಕ್ಟರ್ ಆಗಿ ನೇಮಕಗೊಂಡವರು ಜಾನ್ ಸ್ಟೀವನ್ಸ್ ಹೆನ್ಸ್‌ಲೋ, ಕೇಂಬ್ರಿಡ್ಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ, ಚಾರ್ಲ್ಸ್ ಡಾರ್ವಿನ್‌ರ ಗುರು. ಡಾರ್ವಿನ್ ಬೀಗಲ್ ಹಡಗು ಹತ್ತಿದ್ದು ಇವರ ಶಿಫಾರಸಿನಿಂದ. ಹಿಚಮ್ ಶಾಲೆಯಲ್ಲಿ ಕೂಲಿಯವರ ಹೆಣ್ಣುಮಕ್ಕಳಿಗೆ ಇವರು ತಾವೇ ನಿಂತು ಸಸ್ಯಶಾಸ್ತ್ರ ಕಲಿಸಿದರು. ಹೂವನ್ನು ಬಿಡಿಸಿ, ಕೇಸರ, ಅಂಡಾಶಯಗಳನ್ನು ಎಣಿಸಿ ಬರೆಯುವ ಪಾಠ. ಕೂಲಿಯವರಿಗೆ ತರಕಾರಿ ಬೆಳೆಯಲು ತುಂಡು ನೆಲ ಕೊಡಿಸಲು ಹೊರಟಾಗ ಊರಿನ ರೈತರು ತಿರುಗಿಬಿದ್ದರು. ಸ್ವಂತ ತುಂಡಿನಲ್ಲಿ ಮೈ ದಣಿಸಿಕೊಂಡು ಬಂದರೆ ನಮ್ಮ ಕೆಲಸ ಕೆಡುತ್ತದೆ ಎಂಬುದು ಅವರ ವಾದ. ಹೆನ್ಸ್‌ಲೋ ಜಗ್ಗಲಿಲ್ಲ. 1861ರಲ್ಲಿ ಸಾಯುವವರೆಗೂ ಅವರು ಆ ಊರು ಬಿಡಲಿಲ್ಲ.

ಅಂಥ ಪಾದ್ರಿ ಸಿಕ್ಕಿದ್ದು ಅದೃಷ್ಟ. ಸಿಗದಿದ್ದವರು ಏನು ಕಂಡರು ಎನ್ನುವುದನ್ನು ಜೋಸೆಫ್ ಆರ್ಚ್ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ. 1826ರಲ್ಲಿ ವಾರಿಕ್‌ಷೈರಿನ ಬಾರ್ಫರ್ಡ್‌ನಲ್ಲಿ ಹುಟ್ಟಿದವರು. ಸುಮಾರು ಏಳು ವರ್ಷದವರಿದ್ದಾಗ ಒಂದು ಭಾನುವಾರ ಪ್ರಭುಭೋಜನಕ್ಕೆಂದು ದೊಡ್ಡವರನ್ನು ಮಾತ್ರ ಉಳಿಸಿಕೊಂಡು ಚರ್ಚಿನ ಬಾಗಿಲು ಮುಚ್ಚಿದರು. ಒಳಗೆ ಅಪ್ಪ ಇದ್ದ. ಹುಡುಗ ಬೀಗದ ರಂಧ್ರಕ್ಕೆ ಕಣ್ಣಿಟ್ಟ. ಮೊದಲು ಜಮೀನ್ದಾರ ಎದ್ದು ಹೋಗಿ ಮೊಣಕಾಲೂರಿದ. ಆಮೇಲೆ ರೈತರು. ಆಮೇಲೆ ಅಂಗಡಿಯವರು, ಗಾಡಿ ಮಾಡುವವನು, ಕಮ್ಮಾರ. ಎಲ್ಲರೂ ಮುಗಿದ ಮೇಲೆ, ದೊಗಲೆ ಅಂಗಿಯ ಕೂಲಿಯವರು. ಅವರ ಸಾಲಿನಲ್ಲಿ ಅಪ್ಪ. ದೇವರ ಮುಂದೆಯೂ ಹೀಗೆಯೇ ಎಂದರೆ ನಾನು ಎಂದೂ ಅಲ್ಲಿ ಮೊಣಕಾಲೂರುವುದಿಲ್ಲ ಎಂದು ಆ ಹುಡುಗ ಅಂದೇ ನಿಶ್ಚಯಿಸಿದ. ಪಾದ್ರಿಯ ಹೆಂಡತಿ ಶಾಲೆಯ ಹೆಣ್ಣುಮಕ್ಕಳ ಕೂದಲನ್ನೆಲ್ಲ ಬೋಗುಣಿ ಕವುಚಿಟ್ಟಂತೆ ಕತ್ತರಿಸಬೇಕೆಂದಾಗ ಇದೇ ಹುಡುಗನ ತಾಯಿ ಎದುರು ನಿಂತಿದ್ದಳು. ಅವರದ್ದು ಸ್ವಂತ ಮನೆ. ಆ ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ನನ್ನ ಉತ್ತರ ಆ ಮನೆಯೇ.

ಒಂಬತ್ತನೇ ವಯಸ್ಸಿಗೆ ದಿನಕ್ಕೆ ನಾಲ್ಕು ಪೆನ್ಸಿಗೆ ಹೊಲದಲ್ಲಿ ಹಕ್ಕಿ ಓಡಿಸಲು ಹೋದ ಆರ್ಚ್, ಮುಂದೆ ಬೇಲಿ ಕಟ್ಟುವುದರಲ್ಲಿ ಬಹುಮಾನ ಗೆದ್ದರು, ಮೆಥಡಿಸ್ಟರ ಪ್ರಾರ್ಥನಾ ಮಂದಿರಗಳಲ್ಲಿ ಬೋಧಕರಾದರು. ಪಾದ್ರಿಯ ಚರ್ಚಿನಾಚೆಗೆ ಹಳ್ಳಿಯ ಬಡವರು ಎದ್ದುನಿಂತು ಮಾತಾಡಲು ಕಲಿತದ್ದು ಇಂಥ ಮಂದಿರಗಳಲ್ಲೇ. 1872ರ ಫೆಬ್ರವರಿ 7ರ ಸಂಜೆ ವೆಲ್ಸ್‌ಬೋರ್ನ್‌ನ ದೊಡ್ಡ ಚೆಸ್ಟ್‌ನಟ್ ಮರದ ಕೆಳಗೆ ಅವರು ಹಂದಿ ಕೊಯ್ಯುವ ಮಣೆ ಹತ್ತಿ ಮಾತಾಡಿದರು. ಹತ್ತಾರು ಜನ ಬಂದಾರೆಂದುಕೊಂಡಿದ್ದರೆ, ಸುತ್ತಲ ಹಳ್ಳಿಗಳಿಂದ ಸಾವಿರಕ್ಕೂ ಮಿಕ್ಕಿ ನೆರೆದಿದ್ದರು. ಅವರೆಕೋಲುಗಳಿಗೆ ಲಾಟೀನು ಕಟ್ಟಿ ಬೆಳಕು ಮಾಡಿದ್ದರು. ವಾರಕ್ಕೆ 16 ಶಿಲ್ಲಿಂಗ್ ಕೂಲಿ ಬೇಕೆಂದು ಕೇಳಿದ ಆ ಚಳವಳಿ ಕೆಲವೇ ತಿಂಗಳಲ್ಲಿ ರಾಷ್ಟ್ರೀಯ ಕೃಷಿ ಕಾರ್ಮಿಕರ ಸಂಘವಾಯಿತು.

ಪ್ರತಿಕ್ರಿಯೆಯೂ ಜೋರಾಗಿಯೇ ಬಂತು. 1873ರಲ್ಲಿ ಆಕ್ಸ್‌ಫರ್ಡ್‌ಷೈರಿನ ಆಸ್ಕಟ್ ಹಳ್ಳಿಯಲ್ಲಿ ಮುಷ್ಕರ ಮುರಿಯಲು ಬಂದವರನ್ನು ತಡೆದರೆಂದು 16 ಹೆಂಗಸರಿಗೆ ಕಠಿಣ ಸಜೆಯಾಯಿತು. ಕೆಲವರ ಕಂಕುಳಲ್ಲಿ ಹಸುಗೂಸುಗಳಿದ್ದವು. ತೀರ್ಪು ಕೊಟ್ಟ ಇಬ್ಬರು ಮ್ಯಾಜಿಸ್ಟ್ರೇಟರೂ ಪಾದ್ರಿಗಳು. ನೀವು ಕೇಳಿದ ಪ್ರಶ್ನೆಯ ಮೊದಲ ಭಾಗಕ್ಕೆ, ಚರ್ಚೋ ಸರ್ಕಾರವೋ ಎಂಬುದಕ್ಕೆ, ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಸ್ಮಶಾನವೂ ಪ್ಯಾರಿಷ್‌ನದೇ. 1878ರಲ್ಲಿ ಸಫೋಕ್‌ನ ಏಕನಮ್‌ನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ತಂದೆತಾಯಿ ಬ್ಯಾಪ್ಟಿಸ್ಟರು, ಅವರಲ್ಲಿ ಕೂಸಿಗೆ ದೀಕ್ಷಾಸ್ನಾನ ಮಾಡಿಸುವ ಪದ್ಧತಿಯಿಲ್ಲ. ಊರಿನ ರೆಕ್ಟರ್ ಪ್ರಾರ್ಥನೆ ಹೇಳಲು ಒಪ್ಪಲಿಲ್ಲ. ಬೇರೆ ಪಂಥದ ಬೋಧಕರು ಗೇಟಿನ ಹೊರಗಿನ ಹುಲ್ಲುಗಾವಲಿನಲ್ಲಿ ಪ್ರಾರ್ಥನೆ ಶುರುಮಾಡಿದರೆ, ರೆಕ್ಟರ್ ಅಲ್ಲೇ ಜಗಳಕ್ಕೆ ನಿಂತು, ಕೊನೆಗೆ ಗೇಟಿಗೆ ಬೀಗ ಹಾಕಿ ಹೊರಟುಹೋದರು. ವಿಷಯ ಪತ್ರಿಕೆಗಳಿಗೆ, ಕೋರ್ಟಿಗೆ ಹೋಯಿತು. ಚರ್ಚಿನ ಅಂಗಳದಲ್ಲಿ ಯಾವ ಪಂಥದವರಾದರೂ ತಮ್ಮ ವಿಧಿಯಂತೆ ಹೂಳಬಹುದು ಎಂಬ ಕಾನೂನು 1880ರಲ್ಲಿ ಬಂತು.

ಹಳ್ಳಿಯ ಕೂಲಿಯವರಲ್ಲಿ ಹೆಚ್ಚಿನ ಗಂಡಸರಿಗೆ ಪಾರ್ಲಿಮೆಂಟಿನ ಮತ ಸಿಕ್ಕಿದ್ದು 1884ರಲ್ಲಿ. ಮರುವರ್ಷವೇ ಆರ್ಚ್ ವಾಯವ್ಯ ನಾರ್ಫೋಕ್‌ನಿಂದ ಗೆದ್ದು ಪಾರ್ಲಿಮೆಂಟಿಗೆ ಹೋದರು. ಯುವರಾಜನ ಸ್ಯಾಂಡ್ರಿಂಗಮ್ ಅರಮನೆ ಇದ್ದುದು ಅದೇ ಕ್ಷೇತ್ರದಲ್ಲಿ. 1894ರ ಕಾನೂನು ಹಳ್ಳಿಯ ಆಡಳಿತವನ್ನು ವೆಸ್ಟ್ರಿಯ ಕೈಯಿಂದ ತೆಗೆದು, 300 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಪ್ಯಾರಿಷ್‌ಗಳಲ್ಲಿ ಚುನಾಯಿತ ಕೌನ್ಸಿಲ್‌ಗೆ ಕೊಟ್ಟಿತು. ಅದಕ್ಕಿಂತ ಚಿಕ್ಕವುಗಳಲ್ಲಿ ಊರ ಸಭೆ. ಮದುವೆಯಾದ ಹೆಂಗಸರು ಕೂಡ ಅಲ್ಲಿ ಮತ ಹಾಕಬಹುದಿತ್ತು, ಚುನಾವಣೆಗೆ ನಿಲ್ಲಬಹುದಿತ್ತು. ಪಾರ್ಲಿಮೆಂಟಿಗೆ ಮತ ಹಾಕಲು ಅವರು ಇನ್ನೂ 24 ವರ್ಷ ಕಾಯಬೇಕಿತ್ತು.